ಸಾರಿಸಿದ ಒಡ್ಡು

ನನಗೆ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಸಿಟ್ಟಿನಿಂದಲೇ ಶುರುವಾದದ್ದು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಟಿಳಕವಾಡಿಯಲ್ಲಿ ನಮ್ಮ ಓಣಿಗೆ ಕಾಯಿಪಲ್ಲೆ ತರುವವನಿಗೂ ಗೊತ್ತು. ಕೊತ್ತಂಬರಿ ಬಾಡಿದ್ದ ದಿನ ಅವನು ನಮ್ಮ ಮನೆ ದಾಟಿದ ಮೇಲೆಯೇ ಬಾಯಿ ತೆರೆದು ಕೂಗುತ್ತಾನೆ.

ನನ್ನದು ಇಂಜಿನಿಯರ್ ಕೆಲಸ. ಬೆಳಗಾವಿಯ ಒಂದು ಸರಕಾರಿ ಕಚೇರಿಯಿಂದ ಹೋಗಿ, ಸುತ್ತಲಿನ ತಾಲ್ಲೂಕುಗಳ ಸಣ್ಣ ಒಡ್ಡುಗಳು ಗಟ್ಟಿಯಾಗಿವೆಯೋ ಇಲ್ಲವೋ ನೋಡಿ ಪುಸ್ತಕದಲ್ಲಿ ಬರೆಯುವುದು. ಹೀಗೆಂದು ಹೇಳಿದರೆ ಮದುವೆ ಮನೆಯಲ್ಲಿ ಜನ ಕಣ್ಣರಳಿಸಿ, ಗೇಟು ಯಾವಾಗ ತೆಗೆಯುತ್ತೀರಿ, ಈ ಸಲ ಎಷ್ಟು ಅಡಿ ನೀರು ಬಂತು ಎಂದೆಲ್ಲ ಕೇಳುತ್ತಾರೆ. ನನ್ನ ಒಡ್ಡುಗಳಿಗೆ ಗೇಟಿಲ್ಲ. ಕೆಲವಕ್ಕೆ ನೀರೂ ಇಲ್ಲ, ಬರೀ ರಾಡಿ. ಅಷ್ಟು ಹೇಳಿದ ಕೂಡಲೇ ಕೇಳಿದವರ ಗಮನ ಜಿಲೇಬಿಯ ಕಡೆಗೆ ಹೋಗುತ್ತದೆ.

ಅಂಥ ರಾಡಿಯ ಒಡ್ಡೊಂದು ಖಾನಾಪುರದಿಂದ ಆಟೋದಲ್ಲಿ ಕಾಲು ತಾಸಿನ ದಾರಿಯಲ್ಲಿದೆ. ಹಂಚು, ಗಡಿಗೆಗಳಿಗೆ ಬೇಕಾಗುವ ಜೇಡಿಮಣ್ಣನ್ನು ತೊಳೆದು ಕೊಡುವ ಚಿಕ್ಕ ಕಾರ್ಖಾನೆಯೊಂದರದು ಅದು. ತೊಳೆದ ನೀರು ಹಾಲು ಕಡಿಮೆ ಬಿದ್ದ ಚಹಾದ ಬಣ್ಣಕ್ಕೆ ತಿರುಗಿ ಹಿಂದಿನ ಹೊಂಡಕ್ಕೆ ಹೋಗುತ್ತದೆ. ಆ ಹೊಂಡವನ್ನು ಹಿಡಿದು ನಿಲ್ಲಿಸಿರುವುದೇ ಮಣ್ಣಿನ ಒಡ್ಡು. ಎರಡಾಳು ಎತ್ತರ, ನೂರಿಪ್ಪತ್ತು ಹೆಜ್ಜೆ ಉದ್ದ. ಜೇಡಿ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿನೀರು ಪೈಪಿನಿಂದ ಹೊರಗೆ ಬಿದ್ದು, ಕಾಲುವೆ ಹಿಡಿದು, ಕೆಳಗಿನ ಕೆರೆ ಸೇರುತ್ತದೆ. ಕೆರೆಗೂ ಒಡ್ಡಿಗೂ ನಡುವೆ ಇನ್ನೂರು ಹೆಜ್ಜೆ ನೆಲ. ಆ ನೆಲದಲ್ಲಿ ಕಾರ್ಖಾನೆಯವರು ಕಾವಲುಗಾರನಿಗೆಂದು ಕಟ್ಟಿಸಿಕೊಟ್ಟ ಎರಡು ಕೋಣೆಯ ಮನೆ, ಅದರ ಬಾಜೂಕೆ ಒಂಬತ್ತು ಎಮ್ಮೆಗಳ ಕೊಟ್ಟಿಗೆ.

ಕಾವಲುಗಾರನನ್ನು ನಾನು ಕಾಕಾ ಅನ್ನುತ್ತೇನೆ. ಅವನ ಮನೆತನದವರು ಹಿಂದೆ ಎಮ್ಮೆ ಹೊಡೆದುಕೊಂಡು ಕಾಡು ಸುತ್ತಿದವರು. ಈಗ ಅವನಿಗೆ ಖಾಕಿ ಅಂಗಿ, ಒಂದು ಸೀಟಿ, ಪಗಾರದ ನೌಕರಿ. ಎಮ್ಮೆಗಳು ಅವನ ಹೆಂಡತಿಯ ಪಾಲಿಗೆ ಬಂದಿವೆ. ಆಕೆಯನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ; ಆಕೆಗೆ ನಾನು ಬಾಯಾರು, ಅಂದರೆ ಮೇಡಂ. ಆಕೆ ಎಮ್ಮೆಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ ಮಾತಾಡುತ್ತಾಳೆ. ಸಿಟ್ಟು ಬಂದರೆ ಎರಡನ್ನೂ ಕಲಸಿ ಯಾರಿಗಾದರೂ ಬಯ್ಯುತ್ತಾಳೆ. ಹಾಗಾಗಿ ನಮ್ಮಿಬ್ಬರಿಗೆ ಮೊದಲಿನಿಂದಲೂ ಚೆನ್ನಾಗಿ ಹೊಂದಿತು.

ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಒಂದು ಮಳೆಗಾಲ ಮುಗಿದ ಮೇಲೆ. ಕೆಲಸಕ್ಕೆ ಹೊಸಬಳು, ಕೈಯಲ್ಲಿ ಹೊಸ ಪುಸ್ತಕ, ತಲೆಯಲ್ಲಿ ನಿಯಮಗಳು. ಒಡ್ಡಿನ ಮೇಲೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಅದರ ನಡುವೆ ಎಮ್ಮೆಗಳು ಓಡಾಡಿದ ಗುರುತು, ಸಗಣಿ, ಹಳೆಯ ಗೋಣಿಚೀಲ. ನಾನು ಎಡವಿ ಬೀಳುವುದೊಂದು ಬಾಕಿ. ತಪಾಸಣೆ ಪುಸ್ತಕದಲ್ಲಿ 'ಬಿರುಕುಗಳಿವೆಯೇ' ಎಂದೊಂದು ಕಾಲಮ್ ಇದೆ. ಬಿರುಕು ಹಾಗಿರಲಿ, ನನಗೆ ನನ್ನ ಚಪ್ಪಲಿಯೇ ಕಾಣುತ್ತಿರಲಿಲ್ಲ.

"ಕಾಕಾ, ಏನಿದು? ಇದರಾಗ ಒಡ್ಡೆಲ್ಲೈತಿ?" ಎಂದೆ. "ಇಷ್ಟ ಹೊಲಸ ಇಟ್ಟರ ನಾ ಏನ್ ನೋಡ್ಲಿ? ಮುಂದಿನ ಸಲ ನಾ ಬರೂದ್ರಾಗ ಇದು ನಿಮ್ಮ ಮನಿ ಅಂಗಳ ಇದ್ದಂಗ ಇರಬೇಕು, ಹೇಳೀನಿ."

"ಆತ್ರಿ ಸಾಹೇಬ್ರ," ಎಂದ ಕಾಕಾ. ಅವನಿಗೆ ಕಚೇರಿಯಿಂದ ಬಂದವರೆಲ್ಲ ಸಾಹೇಬರೇ, ಸೀರೆ ಉಟ್ಟಿದ್ದರೂ. ನಾನು ಪುಸ್ತಕದಲ್ಲಿ 'ಒಡ್ಡು ಅಸ್ವಚ್ಛ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಬಸ್ಸು ಹತ್ತಿದೆ.

ಮುಂದಿನ ಬೇಸಿಗೆಯಲ್ಲಿ ಹೋದಾಗ ನಾನು ಆಟೋದಿಂದ ಇಳಿದು ನಿಂತಲ್ಲೇ ನಿಂತೆ. ಒಡ್ಡಿನ ತಲೆ ಈ ತುದಿಯಿಂದ ಆ ತುದಿಯವರೆಗೆ ಸಗಣಿಯಿಂದ ಸಾರಿಸಿತ್ತು. ಎರಡೂ ಅಂಚಿಗೆ ಕೆಮ್ಮಣ್ಣಿನ ಗೆರೆ. ಹತ್ತುವ ಮೆಟ್ಟಿಲಿನ ಮುಂದೆ ರಂಗೋಲಿ. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಮೇಲೆ ಹೋಗಲು ನನಗೇ ನಾಚಿಕೆಯಾಗಿ ಕಳಚಿ ಕೈಯಲ್ಲಿ ಹಿಡಿದೆ. ಮೂರು ದಿನದ ಕೆಲಸ ಅದು, ಒಂಬತ್ತೂ ಎಮ್ಮೆಗಳ ಸಗಣಿ ಅದಕ್ಕೇ ಹೋಗಿದೆ ಎಂದು ಮಾವಶಿ ಹೆಮ್ಮೆಯಿಂದ ಹೇಳಿದಳು. ಆ ಮೂರು ದಿನ ಕುಳ್ಳು ತಟ್ಟಿರಲಿಲ್ಲ, ಒಲೆಗೆ ಕಟ್ಟಿಗೆ ಹುಡುಕಿಕೊಂಡು ಹೋಗಿದ್ದಳಂತೆ.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಒಂದು ಮಾತಿಗೆ ಒಂದು ಒಡ್ಡು ಹೀಗೆ ಮಡಿಯಾಗಿ ನಿಲ್ಲುತ್ತದೆಂದರೆ ಯಾರಿಗೆ ಬೇಡ? ಫೋಟೋ ತೆಗೆದೆ. ಮಾವಶಿ ಕೊಟ್ಟ ಮಜ್ಜಿಗೆ ಕುಡಿದೆ, ಅವಲಕ್ಕಿ ತಿಂದೆ. ಪುಸ್ತಕದಲ್ಲಿ 'ಬಿರುಕುಗಳಿಲ್ಲ, ನಿರ್ವಹಣೆ ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದೆ. ನನ್ನ ಅಕ್ಷರ ಚೆಂದ, ಇದನ್ನೂ ಹೇಳಿಬಿಡುತ್ತೇನೆ.

ಆ ಫೋಟೋ ಬಹಳ ದೂರ ಹೋಯಿತು. ನಮ್ಮ ದೊಡ್ಡ ಸಾಹೇಬರು, ಸದಾಶಿವನಗರದಿಂದ ಹಳೇ ಸ್ಕೂಟರಿನಲ್ಲಿ ಕಚೇರಿಗೆ ಬರುವ ಮನುಷ್ಯ, ಅದನ್ನು ಬೇರೆ ತಾಲ್ಲೂಕಿನ ಇಂಜಿನಿಯರುಗಳಿಗೆ ತೋರಿಸಿ, "ನೋಡ್ರಿ, ಒಡ್ಡಂದ್ರ ಹಿಂಗಿರಬೇಕು," ಅಂದರು. ಕಾರ್ಖಾನೆಯ ಮ್ಯಾನೇಜರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನಮ್ಮ ಯಜಮಾನರು ಮಾತ್ರ, "ಇದು ಒಡ್ಡೋ, ಹಬ್ಬದ ದಿನದ ಕಟ್ಟಿಯೋ?" ಎಂದು ನಕ್ಕರು. ಅವರಿಗೆ ಆ ಹೊತ್ತಿನ ಚಹಾ ಸಿಗಲಿಲ್ಲ.

ವರ್ಷಕ್ಕೆ ಎರಡು ತಪಾಸಣೆ. ಮಳೆಗೆ ಮುಂಚೆ ಒಂದು, ಮಳೆಯಾದ ಮೇಲೆ ಒಂದು. ಪ್ರತಿ ಸಲವೂ ವಾರದ ಮೊದಲೇ ಕಚೇರಿಯಿಂದ ಕಾರ್ಖಾನೆಗೆ ಫೋನು ಹೋಗುತ್ತಿತ್ತು. ಮ್ಯಾನೇಜರು ಕಾಕಾನಿಗೆ ಹೇಳುವರು, ಕಾಕಾ ಮಾವಶಿಗೆ ಹೇಳುವನು, ಮಾವಶಿ ಬುಟ್ಟಿ ಎತ್ತುವಳು. ನಾನು ಹೋಗುವ ಹೊತ್ತಿಗೆ ಅಂಗಳ ಸಿದ್ಧ. ಕಾಕಾ ಗಡ್ಡ ಕೆರೆಸಿಕೊಂಡು, ಕುತ್ತಿಗೆಗೆ ಸೀಟಿ ಹಾಕಿಕೊಂಡು ಮೆಟ್ಟಿಲ ಹತ್ತಿರ ನಿಂತಿರುತ್ತಿದ್ದ. ನಾನು ಬೆಳಗಾವಿಯಿಂದ ಕುಂದಾ ಒಯ್ಯುತ್ತಿದ್ದೆ, ಬರುವಾಗ ಬೆಣ್ಣೆ ತರುತ್ತಿದ್ದೆ. ಹೀಗೆ ಆರು ಸಲ ಹೋದೆ. ಆರು ಸಲವೂ 'ಬಿರುಕುಗಳಿಲ್ಲ' ಎಂದು ಬರೆದೆ.

ಏಳನೆಯ ಸಲ ನಾನು ಹೋದದ್ದು ತಪಾಸಣೆಗಲ್ಲ. ಸೋಮವಾರಕ್ಕೆ ತಪಾಸಣೆಯಿತ್ತು, ಫೋನೂ ಹೋಗಿತ್ತು. ಅದಕ್ಕೆ ಮೂರು ದಿನ ಮುಂಚೆ, ಶುಕ್ರವಾರ, ಖಾನಾಪುರದಲ್ಲಿ ನಮ್ಮ ಸಂಬಂಧಿಕರ ಬಸುರಿ ಮಗಳ ಕುಬಸದ ಕಾರ್ಯ. ಇಳಕಲ್ಲ ಸೀರೆ ಉಟ್ಟು ಹೋಗಿ, ಕೈತುಂಬ ಹಸಿರು ಬಳೆ ಇಡಿಸಿಕೊಂಡು, ಬೇಡವೆಂದರೂ ಬಿಡದೆ ಹಾಕಿದ ನಾಲ್ಕು ಹೋಳಿಗೆ ತಿಂದಿದ್ದೆ. ಮೇ ತಿಂಗಳ ಬಿಸಿಲು. ಹೊಟ್ಟೆ ಮಾವಶಿಯ ಮಜ್ಜಿಗೆಯನ್ನು ನೆನೆಯಿತು. ಆಟೋದವನಿಗೆ ಕೆರೆಯ ಕಡೆ ನಡಿ ಎಂದೆ. ನಾನೇನೋ ದಿಢೀರ್ ತಪಾಸಣೆಗೆ ಹೋದೆ ಎಂದು ಆಮೇಲೆ ಕಚೇರಿಯಲ್ಲಿ ಹೊಗಳಿದವರಿದ್ದಾರೆ. ಇಲ್ಲ, ಮಜ್ಜಿಗೆಗೆ ಹೋಗಿದ್ದೆ.

ಕಾಕಾ ಇರಲಿಲ್ಲ, ಸೋಮವಾರದ ಗಡ್ಡಕ್ಕೆಂದು ಪೇಟೆಗೆ ಹೋಗಿದ್ದ. ಮಾವಶಿ ಒಡ್ಡಿನ ಮೇಲೆ ಕಚ್ಚೆ ಬಿಗಿದು ಕುಕ್ಕರಗಾಲಲ್ಲಿ ಕೂತಿದ್ದಳು. ಅರ್ಧ ಒಡ್ಡು ಸಾರಿಸಿಯಾಗಿತ್ತು. ಇನ್ನರ್ಧದಲ್ಲಿ ಹಳೆಯ ಸಾರಣೆ ಒಣಗಿ ಬಣ್ಣಗೆಟ್ಟಿತ್ತು.

"ಅಗಬಾಯಿ, ಬಾಯಾರ," ಎಂದಳು. "ಸೋಮವಾರಕಲ್ಲೇನ್ರಿ ನೀವು ಬರೂದು? ನಂದಿನ್ನ ಅರ್ಧಾ ಉಳದೈತಿ."

"ತಪಾಸಣಿಗೆ ಬಂದಿಲ್ಲ ಮಾವಶಿ. ಮಜ್ಜಿಗಿಗೆ ಬಂದೀನಿ."

"ಹಂಗಾರ ನೆರಳಿಗೆ ಕುಂದರ್ರಿ. ಈ ಸೀಳೊಂದ ತುಂಬಿ ಬಂದಬಿಡ್ತೀನಿ."

"ಯಾವ ಸೀಳು?" ಎಂದೆ ನಾನು.

ಆಕೆ ಕೈ ಚಾಚಿ ತೋರಿಸಿದಳು. ಒಡ್ಡಿನ ತಲೆಯ ಮೇಲೆ, ಉದ್ದಕ್ಕೆ, ನಲವತ್ತು ಹೆಜ್ಜೆಗೂ ಮಿಕ್ಕಿ ಒಂದು ಬಿರುಕು ಹೋಗಿತ್ತು. ನೇರವಾಗಿ ಅಲ್ಲ, ಕೆರೆಯ ಕಡೆಗೆ ಸ್ವಲ್ಪ ಬಾಗಿಕೊಂಡು. ಮಾವಶಿ ಸಗಣಿಗೆ ಭತ್ತದ ಹೊಟ್ಟು ಕಲಸಿಕೊಂಡು, ಒಡೆದ ಒಲೆಯನ್ನು ಮೆತ್ತುವ ಹಾಗೆ, ಚೂರು ಚೂರೇ ಒಳಗೆ ತುರುಕಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಆ ಹೆಬ್ಬೆರಳು ಗೆಣ್ಣಿನ ತನಕ ಒಳಗೆ ಹೋಗುತ್ತಿತ್ತು.

ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ. "ಮಾವಶಿ, ಇದು ಎಂದಿನಿಂದ ಐತಿ?"

"ಇದೇನ್ ಹೊಸಾದೇನ್ರಿ? ಮೂರು ಬ್ಯಾಸಗಿ ಆತು. ಮಳಿಗಾಲಕ್ಕ ಒಂದೀಟ ಕೂಡ್ತೈತಿ, ಬ್ಯಾಸಗಿಗೆ ಮತ್ತ ಬಾಯಿ ಬಿಡ್ತೈತಿ. ಮೊದಲನೇ ಸಲ ಕಸಬರಗಿ ಕಡ್ಡಿ ಹೋಗ್ತಿತ್ತು. ಹೋದ ವರ್ಷ ಕಿರಿಬೆರಳ. ಈ ವರ್ಷ ಹೆಬ್ಬೆರಳ ಹೊಂಟೈತಿ." ಮಾತು ಮುಗಿಸಿ ಇನ್ನೊಂದು ಹಿಡಿ ತುಂಬಿದಳು. "ನೀವು ಬರೂದ್ರಾಗ ನಾ ಬರೋಬ್ಬರಿ ಮುಚ್ಚಿರ್ತೀನ್ರಿ. ಒಂದ್ ಸಲಾನೂ ತಪ್ಪಿಸಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟೇ. "ಇದನ್ನ ನನಗ್ಯಾಕ ಹೇಳಲಿಲ್ಲ ನೀವು?" ಎಂದು ಕೂಗಿದೆ. ಹೊಂಡದ ಅಂಚಿನಲ್ಲಿದ್ದ ಕೊಕ್ಕರೆ ಹಾರಿಹೋಯಿತು.

ಮಾವಶಿ ಹೆದರಲಿಲ್ಲ, ಅಚ್ಚರಿಯಿಂದ ನೋಡಿದಳು. "ನೀವಽ ಅಂದಿದ್ರೆಲ್ರಿ, ಅಂಗಳ ಇದ್ದಂಗ ಇರಬೇಕು ಅಂತ. ಅಂಗಳ ಸೀಳ ಬಿಟ್ಟರ ತುಂಬಿ ಸಾರಸ್ತೀವಿ. ಮಂದಿ ಬರೂ ಹೊತ್ತಿನ್ಯಾಗ ಸೀಳ ತೋರಸ್ಕೋತ ಕುಂದರ್ತಾರೇನ್ರಿ ಯಾರರ?"

ಮೂರೂವರೆ ವರ್ಷದ ಹಿಂದೆ ನಾನು ಬಯ್ದದ್ದು, ಎರಡು ಗೆರೆ ಎಳೆದದ್ದು, ಫೋಟೋ ತೆಗೆದದ್ದು ಎಲ್ಲ ಒಮ್ಮೆಗೇ ನೆನಪಾಯಿತು. ನೋಡುವುದಕ್ಕೆಂದು ಪಗಾರ ತೆಗೆದುಕೊಳ್ಳುವವಳು ನಾನು. ನೋಡಿ, ಬೆರಳಿಟ್ಟು ಅಳತೆ ತೆಗೆದು, ವರ್ಷ ವರ್ಷಕ್ಕೂ ನೆನಪಿಟ್ಟುಕೊಂಡವಳು ಆಕೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಮೆಟ್ಟಿಲಿಳಿದು ಒಡ್ಡಿನ ಬುಡಕ್ಕೆ ಹೋದೆ. ಅಲ್ಲಿ, ಕೊಟ್ಟಿಗೆಯ ಹಿಂದೆ, ಯಾವಾಗಲೂ ಸ್ವಲ್ಪ ಒದ್ದೆಯಿರುತ್ತಿತ್ತು. ಎಮ್ಮೆ ತೊಳೆದ ನೀರು ಎಂದುಕೊಂಡು ನಾನು ಆರೂ ಸಲ ದಾಟಿಹೋಗಿದ್ದೆ. ಮೇ ತಿಂಗಳಲ್ಲಿ ಸುತ್ತಲಿನ ನೆಲವೆಲ್ಲ ಸುಟ್ಟಿರುವಾಗ ಅಲ್ಲಿ ಮಾತ್ರ ಎಳೆ ಹುಲ್ಲಿತ್ತು. ಕಾರ್ಯಕ್ಕೆಂದು ಹಾಕಿಕೊಂಡಿದ್ದ ಚಪ್ಪಲಿಯ ಹಿಮ್ಮಡಿ ಕೆಸರಿನಲ್ಲಿ ಕಚ್ಚಿಕೊಂಡಿತು. "ಮಾವಶಿ, ಎಮ್ಮಿ ಇಲ್ಲೇ ತೊಳಿತೀರೇನು?" ಎಂದು ಕೇಳಿದೆ.

"ಇಲ್ಲ್ಯಾಕ್ ತೊಳಿಯೂಣ್ರಿ, ಅಷ್ಟ ದೊಡ್ಡ ಕೆರಿ ಬಿಟ್ಟು?" ಎಂದಳು ಮೇಲಿನಿಂದ.

ಕೈ ಹಾಕಿ ಅಲ್ಲಿನ ನೀರು ಬೊಗಸೆಯಲ್ಲಿ ತುಂಬಿದೆ. ಸೋರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಒಡ್ಡಿನ ಮಣ್ಣು ಒಳಗೇ ಇದೆ ಎಂದರ್ಥ. ಕದಡಿದ್ದರೆ ಒಡ್ಡು ಚೂರು ಚೂರಾಗಿ ಹೊರಗೆ ಬರುತ್ತಿದೆ ಎಂದರ್ಥ. ನನ್ನ ಬೊಗಸೆಯಲ್ಲಿದ್ದದ್ದು ಚಹಾದ ಬಣ್ಣದ ನೀರು. ತಲೆಯಲ್ಲಿ ಉದ್ದ ಸೀಳು, ಕಾಲಲ್ಲಿ ರಾಡಿ. ಮಳೆಗೆ ಇನ್ನು ಮೂರು ವಾರ. ಖಾನಾಪುರದ ಮಳೆ ಸುರಿದು ಹೊಂಡ ತುಂಬಿದರೆ ಒಡ್ಡು ಕೆರೆಯ ಕಡೆಗೇ ಜಾರುತ್ತದೆ. ಕೆರೆಗಿಂತ ಮೊದಲು ಅದಕ್ಕೆ ಸಿಗುವುದು ಈ ಮನೆ, ಈ ಕೊಟ್ಟಿಗೆ.

ಮಾವಶಿ ಕೆಳಗಿಳಿದು ಬಂದು ನನ್ನ ಮುಖ ನೋಡಿದಳು. ಎಮ್ಮೆಯ ಜ್ವರ ಕಣ್ಣಿನಲ್ಲೇ ಹಿಡಿಯುವ ಹೆಂಗಸು, ನನ್ನ ಮುಖ ಓದಲು ಎಷ್ಟು ಹೊತ್ತು ಬೇಕು? ಕೈಯಲ್ಲಿನ ಸಗಣಿಯನ್ನು ಹುಲ್ಲಿಗೆ ಒರೆಸಿಕೊಂಡು ಕೇಳಿದಳು.

"ಖರೇ ಹೇಳ್ರಿ ಬಾಯಾರ. ನೀವಾಗಿದ್ರ ಈ ಮಳಿಗಾಲದಾಗ ಈ ಮನ್ಯಾಗ ಮಲಕೊಂತಿದ್ರೇನ್ರಿ?"

ಇಂಜಿನಿಯರುಗಳಿಗೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ನಮಗೆ ಕೇಳುವುದೆಲ್ಲ ಕಾಲಮಿನಲ್ಲಿ ಇರುತ್ತದೆ. "ಇಲ್ಲ ಮಾವಶಿ," ಎಂದೆ. ಆಕೆ ಸಗಣಿಯ ಬುಟ್ಟಿಯನ್ನು ಬೋರಲು ಹಾಕಿದಳು.

ಅಷ್ಟರಲ್ಲಿ ಕಾಕಾ ನುಣ್ಣಗೆ ಗಡ್ಡ ಕೆರೆಸಿಕೊಂಡು ಬಂದ. ವಿಷಯ ಕೇಳಿ ಅವನ ಮುಖ ಬಿಳಿಚಿತು. "ಸಾಹೇಬ್ರ, ಬರೀಬ್ಯಾಡ್ರಿ," ಎಂದು ಕೈ ಮುಗಿದ. "ಸೀಳ ಮುಚ್ಚಿಟ್ಟಾನ ಅಂತ ನನ್ನ ನೌಕರಿ ಕಸ್ಕೊಂತಾರ. ನೌಕರಿ ಹೋದ್ರ ಮನೀನೂ ಹೋಗ್ತೈತಿ."

"ಒಡ್ಡ ಬಿದ್ದರ ಮನಿ ಉಳಿತೈತೇನು?" ಎಂದಳು ಮಾವಶಿ. "ಬಾಯಾರ ಬರೀಲಿ. ಅಳತಿ ನಾ ಹೇಳ್ತೀನಿ. ನೀ ಮೊದಲ ಎಮ್ಮಿ ಹಗ್ಗಾ ಬಿಚ್ಚು."

ಆ ಮಧ್ಯಾಹ್ನವೇ ಎಮ್ಮೆಗಳನ್ನು ಕೆರೆಯ ಆಚೆ ದಂಡೆಯ ದಿಬ್ಬಕ್ಕೆ, ಮಾವಶಿಯ ತಮ್ಮನ ಖಾಲಿ ಕಣಕ್ಕೆ ಹೊಡೆದೆವು. ಹೊಡೆದೆವು ಎಂದರೆ ಅವರಿಬ್ಬರು ಹೊಡೆದರು. ಇಳಕಲ್ಲ ಸೀರೆಯಲ್ಲಿ ಒಂದು ಕರುವಿನ ಹಗ್ಗ ಹಿಡಿದುಕೊಂಡಿದ್ದ ನನ್ನನ್ನು ಆ ಕರು ಎಳೆದುಕೊಂಡು ಹೋಯಿತು. ನನ್ನ ಆಟೋದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬಳೆಗಳಲ್ಲಿ ಐದು ಒಡೆದವು. ಮಜ್ಜಿಗೆಯಂತೂ ಯಾರಿಗೂ ನೆನಪಾಗಲಿಲ್ಲ.

ಬೆಳಗಾವಿಗೆ ಬರುವ ಬಸ್ಸಿನಿಂದಲೇ ದೊಡ್ಡ ಸಾಹೇಬರಿಗೆ ಫೋನು ಮಾಡಿದೆ. ಕಾರ್ಖಾನೆಗೆ ಅವರು ಆಗಲೇ ಹೇಳಿ ತೊಳೆಯುವ ಕೆಲಸ ನಿಲ್ಲಿಸಿದರು. ಸೋಮವಾರ ಅವರೂ ನನ್ನ ಜೊತೆ ಬಂದರು, ಮ್ಯಾನೇಜರೂ ಬಂದರು. ಸೀಳು ಎಷ್ಟು ಆಳ ಹೋಗಿದೆ ನೋಡಲು ಅಡ್ಡಲಾಗಿ ಒಂದು ಗುಂಡಿ ತೋಡಿಸಿದೆವು. ಎದೆಮಟ್ಟ ಇಳಿದರೂ ಸೀಳು ಮುಗಿದಿರಲಿಲ್ಲ.

ಆದರೆ ನನ್ನ ಕಣ್ಣು ನೆಟ್ಟದ್ದು ಗುಂಡಿಯ ಮೇಲಿನ ಅಂಚಿಗೆ. ಅಲ್ಲಿ ಸಾರಿಸಿದ ಪದರಗಳು ಒಂದರ ಮೇಲೊಂದು ಕೂತಿದ್ದವು. ನಾನು ಎಣಿಸುತ್ತಿರುವುದನ್ನು ಸಾಹೇಬರು ನೋಡಿದರು, ಅವರೂ ಬಗ್ಗಿ ಎಣಿಸಿದರು. ಆರು ಪೂರ್ತಿ ಪದರ. ಅದರ ಮೇಲೆ ಏಳನೆಯದು, ಅರ್ಧಕ್ಕೆ ನಿಂತದ್ದು.

"ನಿಮ್ಮ ಆರೂ ವರದಿ ಇಲ್ಲೇ ಅದಾವಲ್ರೀ," ಎಂದರು. ತಮಾಷೆಗೆ ಹೇಳಲು ಹೊರಟವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಒಂದ ಮಾತು ಹೇಳ್ತೀನಿ. ಬಿರುಕು ಈ ಸಲ ಹೊಸದಾಗಿ ಕಂಡೈತಿ ಅಂತ ಬರೀರಿ. ಯಾರೂ ಏನೂ ಕೇಳಂಗಿಲ್ಲ. ಒಡ್ಡು ರಿಪೇರಿ ಆಗ್ತೈತಿ, ನೀವೂ ಉಳೀತೀರಿ."

ಸುಳ್ಳು ಹೇಳಬಾರದು, ನನಗೆ ಆಸೆಯಾಯಿತು. ಪೆನ್ನೂ ತೆಗೆದಿದ್ದೆ. ಹಾಗೆ ಬರೆದಿದ್ದರೆ ನನ್ನ ಚೆಂದದ ಅಕ್ಷರದ ಆರು ಸಹಿಗಳು ತಮ್ಮ ಪಾಡಿಗೆ ತಾವು ಉಳಿಯುತ್ತಿದ್ದವು. ಅಷ್ಟರಲ್ಲಿ ಮ್ಯಾನೇಜರು ಕಾಕಾನ ಕಡೆ ಬೆರಳು ತೋರಿಸಿ, "ಇಂವಾ ಮುಚ್ಚಿಟ್ಟಾನ್ರಿ ಸರ್. ಮೊದಲ ಇವನ್ನ ತಗೀಬೇಕು," ಎಂದರು. ಕಾಕಾ ತಲೆ ತಗ್ಗಿಸಿ ಸೀಟಿಯ ದಾರವನ್ನು ಕುತ್ತಿಗೆಯಿಂದ ತೆಗೆಯತೊಡಗಿದ. ನನ್ನ ಮೂಗಿನ ತುದಿಯ ಸಿಟ್ಟು ಅಲ್ಲಿಂದ ಇಳಿದು ಬಂತು.

"ಮುಚ್ಚಾಕ ಹಚ್ಚಿದಾಕಿ ನಾನು," ಎಂದೆ. "ಅಂಗಳದಂಗ ಇಡ್ರಿ ಅಂತ ಬಯ್ದಾಕಿ ನಾನು, ಫೋಟೋ ತಗದಾಕಿ ನಾನು. ಅದನ್ನ ಗ್ವಾಡಿಗಿ ಹಾಕ್ಕೊಂಡಾವರು ನೀವು. ಒಡ್ಡಿನ ಬುಡಕ್ಕ ಮನಿ ಕಟ್ಟಿಸಿ ಕೊಟ್ಟಾವರೂ ನೀವು. ತಗಿಯೂದಾದ್ರ ಸಾಲಾಗಿ ನಿಲ್ಲಿಸಿ ತಗೀರಿ, ಕಾಕಾ ಕಡೀಗೆ ಬರ್ತಾನ."

ಮ್ಯಾನೇಜರು ಕನ್ನಡಕ ಒರೆಸಿಕೊಂಡರು. ನಾನು ಅಲ್ಲೇ ಗುಂಡಿಯ ಅಂಚಿನಲ್ಲಿ ಕೂತು ಬರೆದೆ. ಹಿಂದಿನ ಆರು ತಪಾಸಣೆಗಳಲ್ಲಿ ನಾನು ನೋಡಿದ್ದು ಒಡ್ಡನ್ನಲ್ಲ, ಅದರ ಮೇಲಿನ ಸಗಣಿಯನ್ನು. ಸಾರಿಸಲು ಕಾರಣ ನನ್ನದೇ ಮಾತು. ಬಿರುಕಿನ ಅಗಲದ ದಾಖಲೆ ಇರುವುದು ಕಾವಲುಗಾರನ ಹೆಂಡತಿಯ ಬಳಿ ಮಾತ್ರ; ಮೊದಲ ಬೇಸಿಗೆ ಕಸಬರಿಗೆ ಕಡ್ಡಿ, ಎರಡನೆಯದಕ್ಕೆ ಕಿರುಬೆರಳು, ಈಗ ಹೆಬ್ಬೆರಳು. ಮುಂದೆಯೂ ಅಳತೆ ಇಡುವ ಕೆಲಸ ಈ ಮನೆಯವರಿಗೇ ಇರತಕ್ಕದ್ದು. ಸಾಹೇಬರು ಓದಿ, "ಇದು ವರದಿಯೋ, ತಪ್ಪೊಪ್ಪಿಗಿಯೋ?" ಎಂದರು. ಆಮೇಲೆ ಪೆನ್ನು ಈಸಿಕೊಂಡು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಆ ದಿನದಿಂದ ನನಗೆ ಅವರ ಹಳೇ ಸ್ಕೂಟರಿನ ಮೇಲೂ ಗೌರವ.

ನನಗೆ ನೋಟೀಸು ಬಂತು. ಉತ್ತರ ಕೊಟ್ಟೆ. ಬಡ್ತಿ ಒಂದು ವರ್ಷ ಹಿಂದೆ ಬಿತ್ತು. ಮನೆಯಲ್ಲಿ ಯಜಮಾನರು ಇದಕ್ಕೆ ಸಗಣಿ ಕೇಸು ಎಂದು ಹೆಸರಿಟ್ಟರು, ಈ ಸಲ ಚಹಾ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಮಳೆ ಬರುವುದರೊಳಗೆ ಹೊಂಡದ ನೀರು ಇಳಿಸಿದರು. ಮಳೆಗಾಲ ಪೂರ್ತಿ ಪಂಪು ಇಟ್ಟು ಮಟ್ಟ ಏರದಂತೆ ನೋಡಿಕೊಂಡರು. ದಸರೆ ಕಳೆದ ಮೇಲೆ ಕೆಟ್ಟ ಭಾಗವನ್ನೆಲ್ಲ ಅಗೆದು ತೆಗೆದು, ಹೊಸ ಮಣ್ಣು ಹಾಕಿ ಪದರ ಪದರವಾಗಿ ರೋಲರ್ ಓಡಿಸಿ, ಬುಡಕ್ಕೆ ಮರಳು, ಕಲ್ಲು ತುಂಬಿ ಸೋರುವ ನೀರಿಗೆ ದಾರಿ ಮಾಡಿದರು. ನಾನು ವಾರಕ್ಕೊಮ್ಮೆ ಹೋದೆ. ಫೋನು ಮಾಡದೆ ಹೋದೆ. ಮ್ಯಾನೇಜರ ಗೋಡೆಯಲ್ಲಿ ಫೋಟೋ ಇದ್ದ ಜಾಗದಲ್ಲಿ ಈಗ ಒಂದು ಮೊಳೆ ಮಾತ್ರ ಇದೆ. ಕಾಕಾನ ಸೀಟಿ ಕುತ್ತಿಗೆಯಲ್ಲೇ ಉಳಿಯಿತು.

ಅಷ್ಟೂ ತಿಂಗಳು ಮಾವಶಿ ಕೆರೆಯ ಆಚೆಯ ಕಣದಲ್ಲೇ ಇದ್ದಳು. ತಗಡಿನ ಕೆಳಗೆ ಅಡಿಗೆ, ಎಮ್ಮೆಗಳಿಗೆ ತಾಡಪತ್ರಿಯ ಮಾಡು. ತಮ್ಮನ ಹೆಂಡತಿಯ ಮುಖ ದಿನಕ್ಕೊಂದು ಬಣ್ಣವಾಗುತ್ತಿತ್ತು. ಮತ್ತೊಂದು ಬೇಸಿಗೆ ಬಂತು. ಹೊಂಡ ತುಂಬಿಸಿ ನಾಲ್ಕು ತಿಂಗಳಾಗಿತ್ತು, ಒಡ್ಡು ಅಲುಗಿರಲಿಲ್ಲ. ಈ ಒಡ್ಡು ನೋಡಲು ಚೆಂದವಿಲ್ಲ. ಗಿಡ್ಡ ಕತ್ತರಿಸಿದ ಹುಲ್ಲು, ಅಲ್ಲಲ್ಲಿ ಬೋಳು. ಆದರೆ ಮೇಲೆ ನಿಂತರೆ ಇದ್ದದ್ದೆಲ್ಲ ಕಾಣುತ್ತದೆ. ಮಳೆಯ ಮುಂಚಿನ ತಪಾಸಣೆಗೆ ಹೋದವಳು ಕಣಕ್ಕೆ ಹೋಗಿ ಮಾವಶಿಗೆ ಹೇಳಿದೆ. "ಇನ್ನ ಬರಬಹುದು ಮಾವಶಿ. ಒಡ್ಡು ಗಟ್ಟಿ ಐತಿ. ಇವತ್ತ ಪುಸ್ತಕದಾಗ ಬರೀತೀನಿ."

ಆಕೆ ಎಮ್ಮೆಯ ಮೈ ತಿಕ್ಕುತ್ತಲೇ ಇದ್ದಳು. "ನಿಮ್ಮ ಪುಸ್ತಕ ನಂಗ ಓದಾಕ ಬರಂಗಿಲ್ರಿ. ಅವತ್ತ ಒಂದ ಕೇಳಿದ್ನಿ. ಅದನ್ನಽ ಕೇಳ್ತೀನಿ. ಈ ಮನ್ಯಾಗ ಮಲಕೊಂತೀರೇನ್ರಿ?"

"ಮಲಕೊಂತೀನಿ."

"ಹಂಗಾರ ಬರ್ರಿ," ಎಂದು ಕೈ ತೊಳೆದುಕೊಂಡಳು.

ವರ್ಷದಿಂದ ಮುಚ್ಚಿದ್ದ ಮನೆ. ಮಾವಶಿ ಬಾಗಿಲು ತೆಗೆದು ಕಸ ಹೊಡೆದು ಕೌದಿ ಹಾಸಿದಳು. ನನಗೆ ರೊಟ್ಟಿ, ಬದನೆಕಾಯಿ ಪಲ್ಲೆ, ಬಾಕಿಯುಳಿದಿದ್ದ ಮಜ್ಜಿಗೆ ಕೊಟ್ಟಳು. ನಾನು ಮಲಗಿದೆ. ಆಕೆ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸತೊಡಗಿದಳು. ಹಿಂದಿನ ಕಿಟಕಿಯಲ್ಲಿ ಆಕಾಶ ಕಾಣುವ ಜಾಗದಲ್ಲೆಲ್ಲ ಒಡ್ಡು ಕಾಣುತ್ತಿತ್ತು. ಮೇಲೆ ನಿಂತು ನೋಡಿದಾಗ ಎರಡಾಳು ಎತ್ತರ ಅನ್ನಿಸುತ್ತಿದ್ದದ್ದು ನೆಲದ ಮೇಲೆ ಮಲಗಿ ನೋಡಿದರೆ ಬೇರೆಯೇ ಆಗಿತ್ತು. ಅದರಾಚೆ ಹೊಂಡದ ತುಂಬ ರಾಡಿ. ಈ ಮನೆಯಲ್ಲಿ ಇವರು ಮೂರು ಮಳೆಗಾಲ ಮಲಗಿದ್ದರು, ನನ್ನ ಸಹಿಯ ಮೇಲೆ. ನಿದ್ದೆ ಹತ್ತಿರ ಸುಳಿಯಲಿಲ್ಲ.

ಎದ್ದೆ. ಸ್ಟೀಲಿನ ಲೋಟ ತೆಗೆದುಕೊಂಡು ಒಡ್ಡಿನ ಬುಡಕ್ಕೆ ಹೋಗಿ, ಕಲ್ಲುಗಳ ನಡುವಿನಿಂದ ಜಿನುಗುವ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಲೋಟದ ತಳ ಕಾಣುತ್ತಿತ್ತು. ಚಪ್ಪಲಿ ಬಿಟ್ಟು ಮೇಲೆ ಹತ್ತಿ ನೂರಿಪ್ಪತ್ತು ಹೆಜ್ಜೆಯನ್ನೂ ಬಗ್ಗಿ ಬಗ್ಗಿ ನಡೆದೆ, ಹುಲ್ಲಿನ ಬುಡಕ್ಕೆ ಬೆರಳು ಹಾಕಿ ತಡಕಿದೆ. ಬೆಳಿಗ್ಗೆಯೂ ನಡೆದಿದ್ದೆ, ಆದರೆ ಹೀಗೆ ನಡೆದಿರಲಿಲ್ಲ. ಸೊಂಟ ಹಿಡಿದುಕೊಂಡಿತು. ಮರಳಿ ಬಂದಾಗ ಮಾವಶಿ ನಾನು ದಾಟಲೆಂದು ಅಕ್ಕಿಯ ಮೊರವನ್ನು ಸ್ವಲ್ಪ ಬದಿಗೆ ಸರಿಸಿಕೊಂಡಳು. ಮತ್ತೆ ಕೌದಿಯ ಮೇಲೆ ಮಲಗಿದೆ.

ಎಚ್ಚರವಾದದ್ದು ಯಾರೋ ಜೋರಾಗಿ ಉಸಿರು ಬಿಟ್ಟ ಸದ್ದಿಗೆ. ಕಿಟಕಿಯಲ್ಲಿ ಒಡ್ಡು ಇರಲಿಲ್ಲ, ಒಂದು ಎಮ್ಮೆಯ ಮೋರೆ ಇತ್ತು. ಹೊರಗೆ ಮಾವಶಿ ಗೂಟ ಬಡಿಯುತ್ತಿದ್ದಳು. ಒಂಬತ್ತೂ ಬಂದಿದ್ದವು. ನನ್ನನ್ನು ಎಳೆದುಕೊಂಡು ಹೋಗಿದ್ದ ಕರು ಈಗ ಕೋಡು ಬಂದ ಕಡಸಾಗಿ ನಿಂತಿತ್ತು.

"ಎರಡ ತಾಸ ಗೊರಕಿ ಹೊಡದ್ರಿ," ಎಂದಳು ಮಾವಶಿ, ತಲೆ ಎತ್ತದೆ. "ಅದಕ್ಕ ಹೊಡಕೊಂಡ ಬಂದ್ನಿ."

ನಾನು ಹೊಸ್ತಿಲ ಮೇಲೆ ಕೂತು ಚೀಲದಿಂದ ಪುಸ್ತಕ ತೆಗೆದೆ. ಬೆಳಿಗ್ಗೆಯಿಂದ ಆ ಕಾಲಮ್ ಖಾಲಿ ಬಿಟ್ಟಿದ್ದೆ. 'ಬಿರುಕುಗಳಿಲ್ಲ' ಎಂದು ಬರೆದು ಸಹಿ ಹಾಕಿದೆ.